ಹೆದರಿಕೆಯಲ್ಲಿ ಅದೆಂಥಾ ಮಜಾ? ಪದೇ ಪದೇ ಕೇಳುವ ಪ್ರಶ್ನೆಗಳು

ವಾರವೆಲ್ಲ ಪಿಯು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ, ಭಾನುವಾರ ಹುಡುಗ ಹುಡುಗಿಯರನ್ನು ಕಟ್ಟಿಕೊಂಡು ರಾಮನಗರದ ಬಂಡೆಗಳಿಗೆ ಹೋಗುತ್ತೇನೆ. ಹಾಗಾಗಿ ತರಗತಿಯಲ್ಲೂ ಇದೇ ಪ್ರಶ್ನೆ, ಬಂಡೆಯ ಬುಡದಲ್ಲಿ ಮಕ್ಕಳನ್ನು ಬಿಡಲು ಬಂದ ತಂದೆತಾಯಂದಿರದ್ದೂ ಇದೇ ಪ್ರಶ್ನೆ: ಜೀವ ಬಾಯಿಗೆ ಬರುವಂಥದ್ದನ್ನು ದುಡ್ಡು ಕೊಟ್ಟು, ಸಾಲಿನಲ್ಲಿ ನಿಂತು ಯಾಕೆ ಮಾಡುತ್ತಾರೆ? ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಹೆದರಿದಾಗ ಮೈಯೊಳಗೆ ಏನಾಗುತ್ತದೆ?

ಮಿದುಳಿನ ಎರಡೂ ಪಕ್ಕದಲ್ಲಿ ಬಾದಾಮಿ ಆಕಾರದ ಒಂದೊಂದು ಭಾಗವಿದೆ. ಹೆಸರು ಅಮಿಗ್ಡಲಾ. ಕಂಡದ್ದು ಏನೆಂದು ನಮಗೆ ಪೂರ್ತಿ ತಿಳಿಯುವ ಮುಂಚೆಯೇ ಅದು ಕೂಗು ಹಾಕಿಬಿಡುತ್ತದೆ. ಮಬ್ಬುಗತ್ತಲಲ್ಲಿ ಹಗ್ಗ ಕಂಡು ಹಾವೆಂದು ಹೌಹಾರುವ ವೇದಾಂತದ ಉದಾಹರಣೆ ಇದೆಯಲ್ಲ, ಅಲ್ಲಿ ಮೊದಲು ಹಾರಿದ್ದು ಕಾಲು, ಆಮೇಲೆ ಬಂದದ್ದು ಜ್ಞಾನ. ಕೂಗು ಕೇಳಿದ ಕೂಡಲೇ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಗ್ರಂಥಿಗಳು ರಕ್ತಕ್ಕೆ ಅಡ್ರಿನಲಿನ್ ಸುರಿಯುತ್ತವೆ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಯಕೃತ್ತು ಸಕ್ಕರೆ ಬಿಡುತ್ತದೆ, ಹೊಟ್ಟೆಯ ಕಡೆಗಿದ್ದ ರಕ್ತ ತೊಡೆ, ತೋಳುಗಳಿಗೆ ಓಡುತ್ತದೆ. ಹೊಟ್ಟೆ ಕಲಕಿದಂತಾಗುವುದು, ಬಾಯಿ ಒಣಗುವುದು ಇದರಿಂದಲೇ. ಜೀರ್ಣಕ್ರಿಯೆಗೆ ಆ ಹೊತ್ತಿನಲ್ಲಿ ರಜೆ. ಹಾರ್ವರ್ಡಿನ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲಿ ಮೈಯ ಈ ಬದಲಾವಣೆಗಳನ್ನು ವಿವರಿಸಿದ. ಹೋರಾಡು, ಇಲ್ಲವೇ ಓಡು ಎಂದು ಮೈ ಸಜ್ಜಾಗುವ ಬಗೆ ಇದು.

ಅದು ಹೆದರಿಕೆಯಾಯಿತು. ಖುಷಿ ಎಲ್ಲಿಂದ ಬಂತು?

ಇದೇ ಅಸಲು ಪ್ರಶ್ನೆ, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನಾನು ಈಜು ಕಲಿತದ್ದು ತುರುವೇಕೆರೆ ಕಡೆಯ ಅಜ್ಜಿ ಮನೆಯ ತೋಟದ ಬಾವಿಯಲ್ಲಿ. ಸೋದರಮಾವ ನನ್ನ ಬೆನ್ನಿಗೆ ಎರಡು ಒಣ ಸೋರೆಬುರುಡೆ ಕಟ್ಟಿ, ಹುರಿಯನ್ನು ಎರಡು ಸಲ ಜಗ್ಗಿ ನೋಡಿ, ಬಾವಿಯ ಕಟ್ಟೆ ಮೇಲೆ ನಿಲ್ಲಿಸಿದರು. ಕೆಳಗೆ ಹಸಿರು ನೀರು. ಕಲ್ಲುಸಂದಿಯಲ್ಲಿದ್ದ ಪಾರಿವಾಳ ಫಟ್ಟನೆ ಎದ್ದಿತು. ಕಾಲು ನಡುಗುತ್ತಿತ್ತು. ಮಾವ ನೀರಿಗಿಳಿದು ಕತ್ತೆತ್ತಿ, "ನಾನಿಲ್ಲಿಲ್ವೇನೋ, ಹಾರು" ಅಂದರು. ಹಾರಿದೆ. ಮೂಗಿನೊಳಗೆಲ್ಲ ನೀರು, ಕಿವಿಯಲ್ಲಿ ಗುಂಯ್. ಬುರುಡೆಗಳು ಪುಸಕ್ಕನೆ ನನ್ನನ್ನು ಮೇಲೆತ್ತಿದವು. ಮೆಟ್ಟಿಲು ಹತ್ತಿ ಬಂದವನು ಮೈ ಒರೆಸಿಕೊಳ್ಳಲಿಲ್ಲ, ಮತ್ತೆ ಕಟ್ಟೆ ಮೇಲೆ ನಿಂತೆ.

ಕಟ್ಟೆಯ ಮೇಲೆ ನನ್ನ ಮೈಗೆ ಗೊತ್ತಿದ್ದದ್ದು ಬಾವಿಯ ಆಳ. ಮನಸ್ಸಿಗೆ ಗೊತ್ತಿದ್ದದ್ದು ಬುರುಡೆ ಮತ್ತು ಮಾವ. ಈ ಎರಡೂ ಒಟ್ಟಿಗೆ ಇರಬೇಕು. ಬುರುಡೆ ಇಲ್ಲದಿದ್ದರೆ ಅದು ಬರೀ ದಿಗಿಲು. ಆಳ ಇಲ್ಲದಿದ್ದರೆ ಬಚ್ಚಲಮನೆಯ ತೊಟ್ಟಿ.

ಎದೆ ಹೊಡೆದುಕೊಳ್ಳುವಿಕೆಗೆ ತನ್ನದೇ ಹೆಸರಿಲ್ಲ. ಅದು ಭಯವೋ, ಸಂಭ್ರಮವೋ, ಸಿಟ್ಟೋ ಎಂದು ಹೆಸರಿಡುವುದು ಮನಸ್ಸು, ಸುತ್ತಲ ಸಂದರ್ಭ ನೋಡಿಕೊಂಡು. ಮನಶ್ಶಾಸ್ತ್ರಜ್ಞರಾದ ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್ ಒಂದು ಪ್ರಯೋಗ ಮಾಡಿ 1962ರಲ್ಲಿ ಮಂಡಿಸಿದ ವಾದ ಇದು. ಅವರ ಪ್ರಯೋಗವನ್ನು ಮತ್ತೆ ಮಾಡಿದವರಿಗೆಲ್ಲ ಅದೇ ಫಲಿತಾಂಶ ಸಿಗಲಿಲ್ಲವಾದ್ದರಿಂದ ಅದನ್ನು ವೇದವಾಕ್ಯ ಮಾಡಿಕೊಳ್ಳುವುದು ಬೇಡ. ಆದರೆ ಮೂಲ ಹೊಳಹು ಇನ್ನೂ ಬದುಕಿದೆ. 1974ರಲ್ಲಿ ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ತೂಗುಸೇತುವೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. ಸುಮಾರು 70 ಮೀಟರ್ ಕೆಳಗೆ ಹೊಳೆ, ಕಾಲಿಟ್ಟರೆ ಓಲಾಡುವ ಹಲಗೆ. ಅಲ್ಲಿ ಒಬ್ಬ ಯುವತಿ ಗಂಡಸರನ್ನು ತಡೆದು ಪ್ರಶ್ನೆ ಕೇಳಿ, "ಹೆಚ್ಚಿಗೆ ತಿಳಿಯಬೇಕಾದರೆ ಫೋನ್ ಮಾಡಿ" ಎಂದು ನಂಬರ್ ಕೊಟ್ಟಳು. ನಂಬರ್ ತೆಗೆದುಕೊಂಡ 18 ಜನರಲ್ಲಿ 9 ಮಂದಿ ಫೋನ್ ಮಾಡಿದರು. ಹತ್ತಿರದ ಗಟ್ಟಿ, ತಗ್ಗು ಸೇತುವೆಯಲ್ಲಿ 16ರಲ್ಲಿ ಇಬ್ಬರು. ಓಲಾಡುವ ಹಲಗೆ ಎಬ್ಬಿಸಿದ ಎದೆಬಡಿತವನ್ನು ಹುಡುಗಿಯ ಲೆಕ್ಕಕ್ಕೆ ಬರೆದುಕೊಂಡಿದ್ದರು ಅನ್ನುವುದು ಡೊನಾಲ್ಡ್ ಡಟನ್ ಮತ್ತು ಆರ್ಥರ್ ಆರನ್ ಅವರ ತೀರ್ಮಾನ.

ಕೆಳಗಿಳಿದ ಮೇಲೆ ಸುಮ್ಮಸುಮ್ಮನೆ ನಗು ಬರುತ್ತದಲ್ಲ, ಯಾಕೆ?

ರಿಚರ್ಡ್ ಸಾಲಮನ್ ಎಂಬ ಮನಶ್ಶಾಸ್ತ್ರಜ್ಞ 1970ರ ದಶಕದಲ್ಲಿ ಇದಕ್ಕೊಂದು ಚೆಂದದ ವಿವರಣೆ ಕೊಟ್ಟ. ಒಂದು ಭಾವ ಜೋರಾಗಿ ಎದ್ದರೆ ಮೈ ಅದನ್ನು ಹದಕ್ಕೆ ತರಲು ವಿರುದ್ಧ ಭಾವವನ್ನು ಎಬ್ಬಿಸುತ್ತದೆ. ಭಯ ಥಟ್ಟನೆ ನಿಂತರೂ ಈ ವಿರುದ್ಧ ಭಾವ ಥಟ್ಟನೆ ನಿಲ್ಲುವುದಿಲ್ಲ, ಹಿಂದೆ ಉಳಿದುಕೊಳ್ಳುತ್ತದೆ. ಜೋಡಿ ಎತ್ತಿನಲ್ಲಿ ಒಂದನ್ನು ಬಿಚ್ಚಿದರೆ ಗಾಡಿ ಇನ್ನೊಂದರ ಕಡೆಗೆ ಎಳೆದುಕೊಂಡು ಹೋಗುತ್ತದಲ್ಲ, ಹಾಗೆ. ಅವನು ಮುಖ್ಯವಾಗಿ ಹೇಳಿದ್ದು ಪ್ಯಾರಾಶೂಟ್ ಹಾರುವವರ ಮಾತು. ಮೊದಲ ಸಲ ಹಾರಿದವನು ನೆಲ ಮುಟ್ಟಿ ಸ್ವಲ್ಪ ಹೊತ್ತು ದಂಗಾಗಿ ಕೂತಿರುತ್ತಾನೆ. ಹತ್ತಾರು ಸಲ ಹಾರಿದವನಿಗೆ ಭಯ ಕಡಿಮೆ, ಆಮೇಲಿನ ಉಲ್ಲಾಸ ಜಾಸ್ತಿ, ಅದು ಗಂಟೆಗಟ್ಟಲೆ ಉಳಿಯುತ್ತದೆ.

ರಾಮನಗರದಲ್ಲಿ ನಾನು ನೋಡುವುದೂ ಇದನ್ನೇ. ಅಳುತ್ತಾ ಹಗ್ಗದಲ್ಲಿ ಇಳಿದ ಹುಡುಗಿ ಹಾರ್ನೆಸ್ ಬಿಚ್ಚುವ ಹೊತ್ತಿಗೆ ಯಾರಾದರೂ ಕೆಮ್ಮಿದರೂ ನಗುತ್ತಿರುತ್ತಾಳೆ. ಚಿತ್ರಾನ್ನ ಅವತ್ತಿನಷ್ಟು ರುಚಿ ಯಾವತ್ತೂ ಇರುವುದಿಲ್ಲ.

ಎಲ್ಲ ಡೋಪಮೈನ್ ಆಟ ಅಂತಾರೆ, ನಿಜವೇ?

ಈಗ ಎಲ್ಲದಕ್ಕೂ ಡೋಪಮೈನ್ ಅನ್ನುವುದು ರೂಢಿ, ಹಿಂದೆ ಎಲ್ಲದಕ್ಕೂ ಉಷ್ಣ ಅನ್ನುತ್ತಿದ್ದ ಹಾಗೆ. ಮಿದುಳಿನ ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಬಳಸುವ ಒಂದು ರಾಸಾಯನಿಕ ಅದು. ಸುಖದ ರಸವಲ್ಲ, ಹೆಚ್ಚಾಗಿ ನಿರೀಕ್ಷೆಯ ಲೆಕ್ಕ. ಕೋತಿಗಳ ಮೇಲೆ ವೊಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಮಾಡಿದ ಪ್ರಯೋಗಗಳಲ್ಲಿ, ಅಂದುಕೊಂಡದ್ದಕ್ಕಿಂತ ಒಳ್ಳೆಯದಾದಾಗ ಡೋಪಮೈನ್ ನರಕೋಶಗಳು ಚುರುಕಾದವು. ಅಂದುಕೊಂಡಷ್ಟೇ ಸಿಕ್ಕರೆ ಸುಮ್ಮನಿದ್ದವು. "ಸತ್ತೇ ಹೋದೆ" ಎಂದು ಮೈ ಅಂದುಕೊಂಡಿರುವಾಗ ಸಾಯದೆ ಉಳಿಯುವುದಕ್ಕಿಂತ ಒಳ್ಳೆಯ ಅಚ್ಚರಿ ಯಾವುದಿದೆ? ಅಷ್ಟರಮಟ್ಟಿಗೆ ಡೋಪಮೈನ್‌ಗೆ ಇದರಲ್ಲಿ ಪಾಲಿದೆ.

ಬೀಳುವಾಗ ಕಾಲ ನಿಧಾನವಾದಂತೆ ಅನಿಸುತ್ತದಲ್ಲ?

ಅನಿಸುತ್ತದೆ, ಆಗುವುದಿಲ್ಲ. ಡೇವಿಡ್ ಈಗಲ್‌ಮನ್ ತಂಡ ಜನರನ್ನು 31 ಮೀಟರ್ ಎತ್ತರದಿಂದ, ಹಗ್ಗವಿಲ್ಲದೆ, ಬೆನ್ನು ಕೆಳಗಾಗಿ, ಬಲೆಗೆ ಬೀಳಿಸಿತು. ಕೈಗೆ ಕಟ್ಟಿದ ಗಡಿಯಾರದಂಥ ಪರದೆಯಲ್ಲಿ ಅಂಕಿಗಳು ಸಾಮಾನ್ಯ ಸ್ಥಿತಿಯಲ್ಲಿ ಓದಲಾಗದಷ್ಟು ವೇಗದಲ್ಲಿ ಮಿನುಗುತ್ತಿದ್ದವು. ಕಾಲ ನಿಜಕ್ಕೂ ನಿಧಾನವಾದರೆ ಬೀಳುವಾಗ ಅವನ್ನು ಓದಲು ಬರಬೇಕಿತ್ತು. ಬರಲಿಲ್ಲ. ಆದರೆ ಅವರೇ ಆಮೇಲೆ, ಬೇರೆಯವರು ಬಿದ್ದದ್ದಕ್ಕಿಂತ ತಾವು ಬಿದ್ದದ್ದು 36 ಶೇಕಡಾ ಹೆಚ್ಚು ಹೊತ್ತು ಎಂದು ಅಂದಾಜಿಸಿದರು. ಭಯದ ಗಳಿಗೆಯನ್ನು ನೆನಪು ಇಂಚಿಂಚಾಗಿ ಬರೆದುಕೊಳ್ಳುತ್ತದೆ, ತಿರುಗಿ ಓದುವಾಗ ಪುಟ ಜಾಸ್ತಿ ಅನಿಸುತ್ತದೆ. ಬಾವಿಯ ಪಾರಿವಾಳ ನನಗೆ ಇಂದಿಗೂ ನೆನಪಿರುವುದು ಅದಕ್ಕೇ ಇರಬೇಕು.

ಕೆಲವರಿಗೆ ಮಾತ್ರ ಈ ಹುಚ್ಚು ಯಾಕೆ?

ಮಾರ್ವಿನ್ ಜುಕರ್‌ಮನ್ ಎಂಬವರು 1964ರಲ್ಲಿ ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅವರ ಕೆಲಸ ಶುರುವಾದದ್ದು ತಲೆಕೆಳಗಾದ ದಾರಿಯಲ್ಲಿ: ಬೆಳಕಿಲ್ಲದ, ಸದ್ದಿಲ್ಲದ ಕೋಣೆಯಲ್ಲಿ ಜನ ಎಷ್ಟು ಹೊತ್ತು ತಡೆದುಕೊಳ್ಳುತ್ತಾರೆ ಎಂಬ ಪ್ರಯೋಗದಿಂದ. ಕೆಲವರಿಗೆ ಅದು ಬಹಳ ಬೇಗ ಹಿಂಸೆಯಾಗುತ್ತಿತ್ತು. ಬೇಸರ ತಾಳಲಾರದ ಸ್ವಭಾವ ಮತ್ತು ಸಾಹಸದ ಹುಚ್ಚು ಹತ್ತಿರದ ನೆಂಟರು. ಅವಳಿಗಳ ಅಧ್ಯಯನಗಳ ಪ್ರಕಾರ ಈ ಸ್ವಭಾವದ ಅರ್ಧದಷ್ಟಾದರೂ ಹುಟ್ಟಿನಿಂದ ಬಂದದ್ದು. 'ಸಾಹಸದ ಜೀನ್' ಸಿಕ್ಕಿತು ಎಂದು 1996ರಲ್ಲಿ ಗದ್ದಲವಾಗಿತ್ತು, ಮುಂದಿನ ಅಧ್ಯಯನಗಳಲ್ಲಿ ಅದು ಗಟ್ಟಿಯಾಗಿ ನಿಲ್ಲಲಿಲ್ಲ.

ಅಲೆಕ್ಸ್ ಹೊನೊಲ್ಡ್ ಹೆಸರು ಕೇಳಿರಬಹುದು. 2017ರ ಜೂನ್ 3ರಂದು ಅಮೆರಿಕದ ಎಲ್ ಕ್ಯಾಪಿಟನ್ ಎಂಬ ಸುಮಾರು 3,000 ಅಡಿಯ ನೇರ ಬಂಡೆಯನ್ನು ಹಗ್ಗವಿಲ್ಲದೆ 3 ಗಂಟೆ 56 ನಿಮಿಷದಲ್ಲಿ ಹತ್ತಿದವರು. ಅದಕ್ಕೆ ಮುಂಚೆ ಅವರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ ಭಯಾನಕ ಚಿತ್ರಗಳನ್ನು ತೋರಿಸಿದ್ದರು. ಅಮಿಗ್ಡಲಾ ಹೆಚ್ಚುಕಡಿಮೆ ಮಿಸುಕಲೇ ಇಲ್ಲ. ಆದರೆ ನಮ್ಮ ಹುಡುಗರು ಮರೆಯುವ ಸಂಗತಿ ಬೇರೆ ಇದೆ. ಆ ದಾರಿಯನ್ನು ಅವರು ಹಗ್ಗ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ, ಎಲ್ಲಿ ಯಾವ ಬೆರಳು ಎಂಬಷ್ಟು ಬಾಯಿಪಾಠ ಮಾಡಿದ್ದರು. ನಮ್ಮ ಚಿತ್ರದುರ್ಗದ ಕೋಟೆ ಗೋಡೆಯನ್ನು ಬರಿಗೈಯಲ್ಲಿ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿ ಬಂದು "ನಾವೂ ಒಂದು ಕೈ ನೋಡೋಣ ಸಾರ್" ಅನ್ನುವವರಿಗೂ ನನ್ನದು ಇದೇ ಉತ್ತರ.

ನಾನು ಜಾತ್ರೆಯ ತೊಟ್ಟಿಲು ಕೂಡ ಹತ್ತುವುದಿಲ್ಲ. ನಾನು ಪುಕ್ಕಲನೇ?

ಅಲ್ಲ. ಒಳಕಿವಿಯಲ್ಲಿ ಸಮತೋಲ ನೋಡಿಕೊಳ್ಳುವ ಅಂಗವಿದೆ, ಕೆಲವರದ್ದು ಬಹಳ ಸೂಕ್ಷ್ಮ. ನಿಮಗೆ ಬರುವುದು ಹೆದರಿಕೆಯಲ್ಲ, ವಾಂತಿ. ಕೆಳಗೆ ನಿಂತು ಚಪ್ಪಲಿ, ಪರ್ಸ್ ಕಾಯುವವರೂ ಬೇಕು.

ಹೆಂಗಸರಿಗೆ ಇದೆಲ್ಲ ಇಷ್ಟವಾಗುವುದಿಲ್ಲ ಅಲ್ಲವೇ?

ಉತ್ತರ ಕರ್ನಾಟಕದ ಕಡೆ ನಾಗರ ಪಂಚಮಿಗೆ ಹೋಗಿಬನ್ನಿ. ನನ್ನ ಹೆಂಡತಿಯ ತವರು ಗದಗಿನ ಹತ್ತಿರ. ಊರ ಬೇವಿನ ಮರದ ಎತ್ತರದ ಕೊಂಬೆಗೆ ಮಿಣಿಹಗ್ಗದ ಜೋಕಾಲಿ, ಎದುರುಬದುರಾಗಿ ನಿಂತ ಇಬ್ಬರು, ಸೀರೆ ಕಚ್ಚೆ ಕಟ್ಟಿಕೊಂಡು ಮೊಣಕಾಲು ಬಗ್ಗಿಸಿ ಜೀಕಿದರೆ ಜೋಕಾಲಿ ಕೊಂಬೆಯ ಎತ್ತರಕ್ಕೆ ಹೋಗುತ್ತದೆ. ತುದಿಯಲ್ಲಿ ಒಂದು ಕ್ಷಣ ಮೈಗೆ ತೂಕವೇ ಇಲ್ಲ. ರೋಲರ್ ಕೋಸ್ಟರ್ ಕೊಡುವುದೂ ಆ ಒಂದು ಕ್ಷಣವನ್ನೇ. ಇಪ್ಪತ್ತು ವರ್ಷದ ಹಿಂದೆ ಅವಳ ಎದುರಿಗೆ ನಿಂತು ಜೀಕಲು ಹೋಗಿ "ಸಾಕು, ಇಳಸ್ರೀ" ಎಂದು ಕೂಗಿದವನು ನಾನು, ಬಂಡೆ ಹತ್ತಿಸುವ ಮೇಷ್ಟ್ರು. ಅತ್ತೆಯವರು ಇಂದಿಗೂ ಅದನ್ನು ಹೇಳಿ ನಗುತ್ತಾರೆ.

ಪ್ರಶ್ನಾವಳಿಗಳಲ್ಲಿ ಸರಾಸರಿ ನೋಡಿದರೆ ಗಂಡಸರ ಅಂಕ ಹೆಚ್ಚು ಬರುತ್ತದೆ ಎಂಬುದು ನಿಜ. ಪ್ರಶ್ನೆಗಳಲ್ಲಿ ಜೋಕಾಲಿ ಇರುವುದಿಲ್ಲ ಎಂಬುದೂ ನಿಜ.

ನಮ್ಮ ಮಗನಿಗೆ 16. ಸ್ನೇಹಿತರ ಜೊತೆ ಸೇರಿದರೆ ವೀಲಿಂಗ್ ಮಾಡುತ್ತಾನೆ, ಮನೆಯಲ್ಲಿ ಮೇಕೆಮರಿಯ ಹಾಗಿರುತ್ತಾನೆ. ಹೇಗೆ?

ಇಬ್ಬರೂ ಅವನೇ. ಹರೆಯದಲ್ಲಿ ಮಿದುಳಿನ ಬಹುಮಾನದ ವ್ಯವಸ್ಥೆ ಮೊದಲು ಚುರುಕಾಗುತ್ತದೆ. ತಡೆಯುವ ಮುಂಭಾಗ ಪೂರ್ತಿ ಪಕ್ವವಾಗಲು ಇಪ್ಪತ್ತರ ನಡು ವಯಸ್ಸು ಬರಬೇಕು. ಆಕ್ಸಿಲರೇಟರ್ ಈಗಲೇ ಬಂದಿದೆ, ಬ್ರೇಕ್ ಇನ್ನೂ ಆರ್ಡರ್‌ನಲ್ಲಿದೆ. ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಒಂದು ಕಾರ್ ಗೇಮ್ ಆಡಿಸಿ ನೋಡಿದರು. 13ರಿಂದ 16ರ ವಯಸ್ಸಿನವರು ಒಂಟಿಯಾಗಿದ್ದಾಗ ಒಂದು ರೀತಿ, ಗೆಳೆಯರು ಪಕ್ಕದಲ್ಲಿದ್ದಾಗ ಇನ್ನೊಂದು ರೀತಿ ಆಡಿದರು, ಅಪಾಯಕ್ಕೆ ನುಗ್ಗಿದ್ದು ತುಂಬಾ ಹೆಚ್ಚಾಯಿತು. 24 ದಾಟಿದವರಲ್ಲಿ ಗೆಳೆಯರಿದ್ದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಅವನನ್ನು ಕೂರಿಸಿಕೊಂಡು "ಬುದ್ಧಿ ಇಲ್ವಾ" ಎಂದು ಕೇಳಿ ಪ್ರಯೋಜನವಿಲ್ಲ. ಮನೆಯಲ್ಲಿ ಬುದ್ಧಿ ಇದೆ, ರಿಂಗ್ ರೋಡಿನಲ್ಲಿ ಅಲ್ಲ.

ಕೀ ಕೊಡಬೇಡಿ, ಅಷ್ಟೇ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಲ್ಲಿ, 18 ತುಂಬದವರು ಗಾಡಿ ಓಡಿಸಿ ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಕೀ ಕಿತ್ತುಕೊಂಡ ಮೇಲೆ ಕೈಗೆ ಬೇರೆ ಏನಾದರೂ ಕೊಡಬೇಕು: ಬಂಡೆ, ಈಜು, ಕುಸ್ತಿ, ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್. ಬೆಂಗಳೂರಿನ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಸರ್ಕಾರದ್ದೇ, ತರಬೇತಿ ಕೊಡುತ್ತದೆ.

ದೆವ್ವದ ಸಿನಿಮಾ ನೋಡಿ ಖುಷಿಪಡುವುದೂ ಇದೇನಾ?

ಇದೇ. ತೆಂಕುತಿಟ್ಟು ಯಕ್ಷಗಾನದ ದೇವಿ ಮಹಾತ್ಮೆ ಆಟದಲ್ಲಿ ಮಹಿಷಾಸುರ ಬರುವುದು ಬಣ್ಣ ಹಚ್ಚುವ ಚೌಕಿಯಿಂದ ನೇರ ರಂಗಕ್ಕಲ್ಲ. ಜನರ ಹಿಂದಿನಿಂದ, ದೀವಟಿಗೆ, ರಾಳದ ಬೆಂಕಿ, ಪಟಾಕಿ, ಚೆಂಡೆಯ ಅಬ್ಬರದಲ್ಲಿ. ಅರೆನಿದ್ದೆಯಲ್ಲಿದ್ದ ಮಕ್ಕಳು ಕಿಟಾರನೆ ಕಿರುಚಿ ಅಮ್ಮನ ಸೆರಗಿನಡಿ ನುಗ್ಗುತ್ತವೆ, ಅಲ್ಲಿಂದಲೇ ಒಂದು ಕಣ್ಣು ತೆರೆದು ನೋಡುತ್ತವೆ. ಭರತನ ನಾಟ್ಯಶಾಸ್ತ್ರ ಭಯಾನಕವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದೆ. ರಸ ಎಂದರೆ ಸವಿಯುವಂಥದ್ದು ತಾನೇ.

ಡೆನ್ಮಾರ್ಕಿನಲ್ಲಿ ಸಂಶೋಧಕರು ಒಂದು ಭೂತಬಂಗಲೆ ಆಟಕ್ಕೆ ಬಂದ 110 ಜನರ ಎದೆಬಡಿತ ಅಳೆದು, ಎಷ್ಟು ಮಜಾ ಬಂತೆಂದು ಕೇಳಿದರು. ಭಯ ತೀರಾ ಕಡಿಮೆಯಾದರೂ ಮಜಾ ಇಲ್ಲ, ಮಿತಿಮೀರಿದರೂ ಇಲ್ಲ. ನಡುವೆ ಒಂದು ಹದ. ಆ ಹದ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಒಂದೇ ಬೆಂಚಿನಲ್ಲಿ ಕೂತ ಗಂಡ ನಿದ್ದೆ ಹೋಗಿ ಹೆಂಡತಿ ಕಣ್ಣು ಮುಚ್ಚಿಕೊಳ್ಳುವುದು ಹೀಗೆ.

ಖಾರ ತಿಂದು ಕಣ್ಣೀರು ಸುರಿಸುತ್ತಾ "ಇನ್ನೊಂದು ಮಿರ್ಚಿ" ಅನ್ನುವುದು?

ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಇದನ್ನು ನಿರಪಾಯ ಸ್ವಹಿಂಸೆ ಎಂಬರ್ಥದ ಹೆಸರಿನಿಂದ ಕರೆದಿದ್ದಾರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿ ಸುಡುವುದನ್ನು ಹೇಳುವ ನರಕ್ಕೇ ತಗಲುತ್ತದೆ. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಪಾಲು ಬಂತು. ಬಾಯಿ ಸುಡುತ್ತಿದೆ ಎಂದು ಮೈ ಬೊಬ್ಬೆ ಹಾಕುತ್ತದೆ, ಏನೂ ಸುಡುತ್ತಿಲ್ಲ ಎಂದು ನಮಗೆ ಗೊತ್ತು. ಬಾವಿ ಮತ್ತು ಬುರುಡೆ, ತಟ್ಟೆಯಲ್ಲಿ. ಈ ಆಟಕ್ಕೆ ಬ್ಯಾಡಗಿ ಆಗುವುದಿಲ್ಲ, ಅದು ಬಣ್ಣಕ್ಕೆ. ಗುಂಟೂರೇ ಬೇಕು.

ಕೊಂಡ ಹಾಯುವವರಿಗೆ ಸಿಗುವುದೂ ಥ್ರಿಲ್ಲೇ?

ಹಾಗಂದರೆ ಹರಕೆ ಹೊತ್ತವರು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಕೊಂಡದ ಸುತ್ತ ನಿಂತವರಿಗೆ ಏನಾಗುತ್ತದೆ ಎಂಬುದು ಕುತೂಹಲದ ವಿಷಯ. ಸ್ಪೇನಿನ ಸ್ಯಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲೂ ಜೂನ್ ತಿಂಗಳಲ್ಲಿ ಕೆಂಡ ಹಾಯುವ ಹಬ್ಬವಿದೆ. ಅಲ್ಲಿ ಹಾಯುವವರಿಗೂ ನೋಡುವವರಿಗೂ ಎದೆಬಡಿತದ ಯಂತ್ರ ಕಟ್ಟಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಾಯುವವರ ನೆಂಟರಿಷ್ಟರು ಕುಳಿತ ಜಾಗದಲ್ಲೇ ಅವರ ಜೊತೆಜೊತೆಗೆ ಎದೆಬಡಿತ ಏರಿಳಿದಿತ್ತು. ನೋಡಲು ಬಂದ ಪರಸ್ಥಳದವರಿಗೆ ಹಾಗಾಗಲಿಲ್ಲ. ಮಗ ಕೊಂಡಕ್ಕಿಳಿದಾಗ ತಾಯಿ ಎದೆ ಹಿಡಿದುಕೊಳ್ಳುವುದು ಬರೀ ಮಾತಲ್ಲ.

ಯಾವುದು ನಿಜವಾಗಿ ಅಪಾಯ, ಯಾವುದು ಬರೀ ಹೆದರಿಕೆ?

ಮೈಗೆ ಗೊತ್ತಾಗುವುದಿಲ್ಲ. ಇದೇ ದೊಡ್ಡ ತೊಂದರೆ. ರೋಲರ್ ಕೋಸ್ಟರ್ ಹಳಿಯ ಮೇಲೆ, ಪಕ್ಕ, ಅಡಿ ಮೂರೂ ಕಡೆ ಗಾಲಿ ಹಿಡಿದಿರುತ್ತದೆ. ಅಡಿಗಾಲಿಗೆ ಜಾನ್ ಮಿಲ್ಲರ್ ಎಂಬ ಎಂಜಿನಿಯರ್ 1919ರಲ್ಲೇ ಪೇಟೆಂಟ್ ಪಡೆದಿದ್ದ. ಅಲ್ಲಿ ಎದೆ ಒಡೆದುಹೋಗುವಂತಾಗುತ್ತದೆ. ಹೆಲ್ಮೆಟ್ ಇಲ್ಲದೆ ತ್ರಿಬಲ್ ರೈಡಿಂಗ್ ಹೋಗುವಾಗ ಏನೂ ಆಗುವುದಿಲ್ಲ, ತಂಪು ಗಾಳಿ ಬೀಸುತ್ತದೆ. ಜಲಪಾತದ ಅಂಚಿನಲ್ಲಿ ಪಾಚಿಗಲ್ಲಿನ ಮೇಲೆ ನಿಂತು ಸೆಲ್ಫಿ ತೆಗೆಯುವಾಗ ನೋಡುವುದು ಪರದೆಯನ್ನು, ಪ್ರಪಾತವನ್ನಲ್ಲ. ಹಾವೇರಿ ಕಡೆ ದೀಪಾವಳಿಯ ಆಸುಪಾಸಿಗೆ ಹೋರಿ ಹಬ್ಬ ನಡೆಯುತ್ತದೆ. ಕೊಬ್ಬರಿ ಸರ ಕಟ್ಟಿಕೊಂಡು ಓಡುವ ಹೋರಿಯನ್ನು ಹಿಡಿಯಲು ನುಗ್ಗುವವನಿಗೆ ಹೋರಿಯ ಕೊಂಬು ನಿಜವಾದದ್ದು ಎಂಬುದು ಗದ್ದಲದಲ್ಲಿ ಮರೆತೇಹೋಗಿರುತ್ತದೆ. ಅಲ್ಲಿ ಜೀವ ಹೋಗಿರುವುದೂ ಉಂಟು.

ಜಾತ್ರೆಯ ಜೈಂಟ್ ವ್ಹೀಲ್ ಬಗ್ಗೆ ಕೇಳುವವರು ಬಹಳ. ಹತ್ತುವ ಮುಂಚೆ ಬುಡಕ್ಕೆ ಕೊಟ್ಟ ಮರದ ತುಂಡು ನೋಡಿ, ತೊಟ್ಟಿಲಿನ ಪಿನ್ನಿಗೆ ಬೀಗದ ಕ್ಲಿಪ್ ಇದೆಯೇ, ತಂತಿ ಸುತ್ತಿದ್ದಾರೆಯೇ ನೋಡಿ. ಜಡೆ, ದುಪಟ್ಟಾ ಬಿಗಿದುಕೊಳ್ಳಿ. ಒಂದು ಜಾತ್ರೆಯಲ್ಲಿ ಜನರೇಟರ್‌ನ ಡೀಸೆಲ್ ಮುಗಿದು ನಾನೂ ಮಗಳೂ ತುದಿಯಲ್ಲಿ ಅರ್ಧ ಗಂಟೆ ನೇತಾಡಿದ್ದೇವೆ. ಅವಳು ಕಡ್ಲೆಪುರಿ ತಿನ್ನುತ್ತಾ ಊರೆಲ್ಲ ನೋಡಿದಳು. ನಾನು ಪಿನ್ನನ್ನೇ ನೋಡುತ್ತಿದ್ದೆ.

ಇದು ಚಟವಾಗುತ್ತದೆಯೇ?

ಆಗಬಹುದು. ಮೊದಲು ಹತ್ತಡಿಗೆ ಬಂದ ಪುಳಕ ಆಮೇಲೆ ಮೂವತ್ತಡಿಗೂ ಬರುವುದಿಲ್ಲ. ಎತ್ತರ ಹೆಚ್ಚಿಸಿಕೊಂಡು, ಅದಕ್ಕೆ ತಕ್ಕ ಕೌಶಲ ಕಲಿತರೆ ಅದು ಅಭ್ಯಾಸ. ಎತ್ತರ ಅಷ್ಟೇ ಇಟ್ಟು ಹಗ್ಗ ಬಿಚ್ಚಿ ಪುಳಕ ತರಿಸಿಕೊಳ್ಳುವುದು ಚಟ. ಮೊದಲು ಹೆಲ್ಮೆಟ್ ಬಿಡುತ್ತಾರೆ, ಆಮೇಲೆ ಗಂಟು ಎರಡನೇ ಸಲ ನೋಡುವುದನ್ನು ಬಿಡುತ್ತಾರೆ. ಅಂಥವರನ್ನು ನಾನು ಮುಂದಿನ ಭಾನುವಾರ ಕರೆದುಕೊಂಡು ಹೋಗುವುದಿಲ್ಲ.

ರೋಲರ್ ಕೋಸ್ಟರ್‌ನಲ್ಲಿ ಯಾವ ಸೀಟು ಒಳ್ಳೆಯದು?

ಕೊನೆಗೆ ಎಲ್ಲರೂ ಕೇಳುವುದು ಇದನ್ನೇ. ಮುಂದಿನ ಸೀಟಿನಲ್ಲಿ ಕಣ್ಣಿಗೆ ಹೆದರಿಕೆ, ಎದುರಿಗೆ ಹಳಿಯೇ ಇಲ್ಲದಂತೆ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಹೊಟ್ಟೆಗೆ ಹೆದರಿಕೆ. ಮುಂದಿನ ಡಬ್ಬಿಗಳು ಆಗಲೇ ಇಳಿಯುತ್ತಾ ವೇಗ ಹಿಡಿದಿರುವುದರಿಂದ ಕೊನೆಯ ಡಬ್ಬಿಯನ್ನು ದಿಬ್ಬದ ಮೇಲಿಂದ ಎಳೆದು ಎಸೆದಂತಾಗುತ್ತದೆ. ಮೊದಲ ಸಲವಾದರೆ ನಡುವೆ ಕೂತುಕೊಳ್ಳಿ. ಹೃದಯದ ತೊಂದರೆ ಇರುವವರು, ಬಸುರಿಯರು, ಬೆನ್ನು ಕತ್ತು ನೋವಿರುವವರು ಹತ್ತಲೇಬೇಡಿ. ಊಟ ಆಮೇಲೆ ಮಾಡಿ. ಕನ್ನಡಕ ಜೇಬಿನಲ್ಲಿಡಿ, ಚಪ್ಪಲಿ ಕೆಳಗೇ ಬಿಟ್ಟುಹೋಗಿ.